ದುಡಿಯುವ ನಾಯಿಯ ಊಟ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಿಲಾಶಾಸನದ ಹೆಸರನ್ನು ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುವವರೆಲ್ಲರೂ ಕೇಳಿರುತ್ತಾರೆ. ಕ್ರಿ. ಶ. 949-50ರ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಮೆಚ್ಚಿ, ಬೇಕಾದುದನ್ನು ಕೇಳೆಂದಾಗ, ಅವನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನಂತೆ. ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರನು ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಡಿಸಿದನು. ಅಷ್ಟಕ್ಕೇ ನಿಲ್ಲದೆ, ಪೂಜೆಗೆ ನೇಮಕವಾದ ಗೊರವನು ಆ ಕಲ್ಲನ್ನು ಪೂಜಿಸದೆ ತಾನು ಉಂಡರೆ ಪಾಪಕ್ಕೆ ಗುರಿಯಾಗುವನೆಂದೂ ಬರೆಸಿದನು.

ಸತ್ತ ನಾಯಿಗೆ ಇಷ್ಟು ಗೌರವ ಸಂದ ನಾಡು ನಮ್ಮದು. ಬದುಕಿರುವ ನಾಯಿಯ ಊಟದ ವಿಚಾರದಲ್ಲಿ ನಾವು ಹೇಗಿದ್ದೇವೆಂದು ಕೇಳಿಕೊಂಡರೆ ಉತ್ತರ ಅಷ್ಟು ಹೆಮ್ಮೆಯದಾಗಲಾರದು. ಆ ವಿಚಾರವನ್ನೇ ಈ ಲೇಖನದಲ್ಲಿ ಕೈಗೆತ್ತಿಕೊಂಡಿದ್ದೇನೆ. ನಾನು ಹೇಳುವುದು ಸೋಫಾದ ಮೇಲೆ ಮಲಗುವ ಮುದ್ದಿನ ನಾಯಿಗಳ ಸಂಗತಿಯಲ್ಲ. ಕುರಿ ಕಾಯುವ, ಹೊಲ ಕಾಯುವ, ರಾತ್ರಿಯೆಲ್ಲ ಎಚ್ಚರಿದ್ದು ದುಡಿಯುವ ನಾಯಿಗಳದು.

ನಮ್ಮದು ಕುರಿ ಕಾಯುವ ಮನೆತನ. ಸುಗ್ಗಿ ಮುಗಿದ ಮೇಲೆ ನಮ್ಮವರು ಹಿಂಡು ಹೊಡೆದುಕೊಂಡು ಊರಿಂದ ಊರಿಗೆ ಹೋಗುತ್ತಾರೆ. ರೈತರ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಗೊಬ್ಬರದ ಬದಲಿಗೆ ಕಾಳೋ ಹಣವೋ ದೊರೆಯುತ್ತದೆ. ಆ ಬಯಲಿನಲ್ಲಿ ತೋಳನಿಗೂ ಕುರಿಗೂ ನಡುವೆ ಇರುವುದು ಒಂದು ಬಲೆ, ಒಬ್ಬ ಮುದುಕ, ಎರಡು ನಾಯಿ. ನಾಯಿ ಒಂದು ರಾತ್ರಿ ಸೋತರೆ ನಾಲ್ಕಾರು ಮರಿಗಳು ಹೋದವೆಂದೇ ಲೆಕ್ಕ. ಹೀಗಿರುವಾಗ ನಾಯಿಗೆ ಏನು ಹಾಕಬೇಕೆಂಬುದು ನಮಗೆ ಜೀವನದ ಪ್ರಶ್ನೆಯಾಗಬೇಕಿತ್ತು. ಆದರೆ ಅದನ್ನು ಯಾರೂ ಪ್ರಶ್ನೆಯೆಂದೇ ಎಣಿಸಿರಲಿಲ್ಲ. “ತಮ್ಮಾ, ನಾಯಿ ಹಸದಿದ್ರನ ಎಚ್ಚರ ಇರತೈತಿ, ಹೊಟ್ಟಿ ತುಂಬಿದ್ರ ಮಲಗತೈತಿ” ಎಂದು ಅಜ್ಜ ಹೇಳುತ್ತಿದ್ದರು. ನಾವು ಉಂಡು ಉಳಿದ ಎರಡು ಮೂರು ಜೋಳದ ರೊಟ್ಟಿ, ಸ್ವಲ್ಪ ಅಂಬಲಿ, ಇಷ್ಟೇ ನಾಯಿಯ ಪಡಿ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಕೆಂಚಿ ಎಂಬ ಹೆಣ್ಣುನಾಯಿ ಐದು ಮರಿ ಹಾಕಿ, ಮೂರು ವಾರದೊಳಗೆ ಸತ್ತುಹೋಯಿತು. ಮರಿಗಳನ್ನು ಜೋಳದ ಅಂಬಲಿ ಕುಡಿಸಿ, ಗುಡಿಸಲಿನೊಳಗೆ ಬುಟ್ಟಿಯಲ್ಲಿಟ್ಟು ಸಾಕಿದೆವು. ಎರಡು ಉಳಿದವು. ಎರಡಕ್ಕೂ ಮುಂಗಾಲು ಬಿಲ್ಲಿನಂತೆ ಸೊಟ್ಟಗಾದವು. ದೇವರ ಮುನಿಸೆಂದು ತಂದೆಯವರು ಹರಕೆ ಹೊತ್ತರು. ಆ ಮರಿಗಳು ಕೊನೆಯವರೆಗೂ ಹಿಂಡಿನ ಹಿಂದೆ ಓಡಲಿಲ್ಲ. ಅದರ ಕಾರಣ ನನಗೆ ತಿಳಿದದ್ದು ಕಾಲೇಜಿಗೆ ಬಂದು, ಗ್ರಂಥಾಲಯದಲ್ಲಿ ಆಹಾರಶಾಸ್ತ್ರದ ಒಂದು ಪುಸ್ತಕವನ್ನು ಅಕಸ್ಮಾತ್ತಾಗಿ ತೆರೆದಾಗ. ಅದನ್ನು ಮುಂದೆ ಹೇಳುತ್ತೇನೆ.

ಮೊದಲನೆಯ ಪ್ರಶ್ನೆ: ನಾಯಿ ಮಾಂಸಾಹಾರಿಯಲ್ಲವೆ? ಅದಕ್ಕೆ ರೊಟ್ಟಿ ಹಾಕುವುದೇ ತಪ್ಪಲ್ಲವೆ? ಈಚೆಗೆ ಪಟ್ಟಣದಲ್ಲಿ ಹೀಗೆ ವಾದಿಸುವವರು ಅನೇಕರಿದ್ದಾರೆ. ನಾಯಿ ತೋಳನ ಕುಲದ್ದೆಂಬುದು ನಿಜ. ಆದರೆ ಸಾವಿರಾರು ವರ್ಷ ಮನುಷ್ಯನ ಒಲೆಯ ಬಳಿ ಕುಳಿತ ನಾಯಿಯ ಹೊಟ್ಟೆ ತೋಳನ ಹೊಟ್ಟೆಯಾಗಿ ಉಳಿದಿಲ್ಲ. ಸ್ವೀಡನ್ನಿನ ಎರಿಕ್ ಆಕ್ಸೆಲ್ಸನ್ ಮತ್ತು ಅವರ ಸಂಗಡಿಗರು 2013ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನು ಸ್ಪಷ್ಟಪಡಿಸಿತು. ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಎಂಬ ರಸವನ್ನು ತಯಾರಿಸುವ ಜೀನು ತೋಳನಲ್ಲಿ ಎರಡೇ ಪ್ರತಿ. ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೂ ಉಂಟು. ಬೇಸಾಯದ ನಾಡುಗಳ ನಾಯಿಗಳಲ್ಲಿ ಈ ಪ್ರತಿಗಳು ಹೆಚ್ಚು; ಮೀನು ಮಾಂಸಗಳನ್ನೇ ತಿಂದು ಬಂದ ಧ್ರುವಪ್ರದೇಶದ ನಾಯಿಗಳಲ್ಲಿ ಕಡಿಮೆ. ಹಾಗಾಗಿ ಬೇಯಿಸಿದ ಜೋಳ, ಸಜ್ಜೆ, ರಾಗಿ ನಾಯಿಗೆ ಒಗ್ಗದ ವಸ್ತುಗಳಲ್ಲ. ಬೇಯಿಸಿದ ಎಂಬ ಮಾತು ಮುಖ್ಯ. ಹಸಿ ಹಿಟ್ಟು ಅದಕ್ಕೆ ಚೆನ್ನಾಗಿ ಜೀರ್ಣವಾಗದು. ರೊಟ್ಟಿ ಹಾಕಿದ್ದು ನಮ್ಮ ಹಿರಿಯರ ತಪ್ಪಲ್ಲ. ತಪ್ಪು ಬೇರೆಡೆಯಲ್ಲಿದೆ.

ಎರಡನೆಯ ಪ್ರಶ್ನೆ: ಎಷ್ಟು ಹಾಕಬೇಕು? ಇದಕ್ಕೆ ಉತ್ತರ ಕೆಲಸದಲ್ಲಿದೆ. ನಾಯಿಯ ಕೆಲಸಗಳೆಲ್ಲ ಒಂದೇ ಬಗೆಯವಲ್ಲ. ಗ್ರೇಹೌಂಡ್ ಪಂದ್ಯ ಸುಮಾರು ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಅಷ್ಟು ಹೊತ್ತಿನ ಓಟಕ್ಕೆ ಮಾಂಸಖಂಡದಲ್ಲಿ ಕೂಡಿಟ್ಟ ಸಕ್ಕರೆಯಂಥ ಪದಾರ್ಥವೇ ಇಂಧನ. ಅದು ಧಾನ್ಯದಿಂದ ಸುಲಭವಾಗಿ ದೊರೆಯುತ್ತದೆ. ಇದಕ್ಕೆ ತೀರ ವಿರುದ್ಧವಾದದ್ದು ಅಲಾಸ್ಕದ ಹಿಮದಲ್ಲಿ ಬಂಡಿ ಎಳೆಯುವ ನಾಯಿಯ ಕೆಲಸ. ನೀರು ಹೆಪ್ಪುಗಟ್ಟುವ ಚಳಿಗಿಂತಲೂ ಬಹಳ ಕೆಳಗಿನ ಚಳಿಯಲ್ಲಿ ಅದು ದಿನಗಟ್ಟಲೆ ಓಡುತ್ತದೆ. ಪಂದ್ಯದ ದಿನಗಳಲ್ಲಿ ಸುಮಾರು 25 ಕಿಲೊ ತೂಕದ ಇಂಥ ಒಂದು ನಾಯಿ ದಿನಕ್ಕೆ 10,000 ಕಿಲೊಕ್ಯಾಲರಿಗೂ ಹೆಚ್ಚು ಶಕ್ತಿಯನ್ನು ವ್ಯಯಿಸುವುದೆಂದು 1997ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿವೆ. ಹೊಲದಲ್ಲಿ ದುಡಿಯುವ ಮನುಷ್ಯರಿಬ್ಬರ ಊಟ ಕೂಡಿಸಿದರೂ ಅಷ್ಟಾಗದು! ಅಷ್ಟನ್ನು ಧಾನ್ಯದಿಂದ ತುಂಬಿಸಲು ಹೊಟ್ಟೆಯಲ್ಲಿ ಜಾಗ ಸಾಲದು. ಆದುದರಿಂದ ಆ ನಾಯಿಗಳಿಗೆ ಕೊಬ್ಬೇ ಪ್ರಧಾನ ಆಹಾರ. ಪಿಷ್ಟವೇ ಇಲ್ಲದ ಆಹಾರದಲ್ಲೂ ಅವು ಚೆನ್ನಾಗಿ ಓಡಬಲ್ಲವೆಂದು ಡೇವಿಡ್ ಕ್ರೋನ್‌ಫೆಲ್ಡ್ ಎಂಬ ಪಶುವಿಜ್ಞಾನಿ 1970ರ ದಶಕದಲ್ಲಿ ತೋರಿಸಿದರು.

ನಮ್ಮ ಹಟ್ಟಿಯ ನಾಯಿ ಈ ಎರಡರ ನಡುವಿನದು. ಹಗಲು ಹಿಂಡಿನೊಡನೆ ಹತ್ತಾರು ಮೈಲಿ ನಡಿಗೆ, ರಾತ್ರಿ ಕಾವಲು, ನಡುನಡುವೆ ಒಮ್ಮೊಮ್ಮೆ ಜೀವವನ್ನೇ ಪಣವೊಡ್ಡಿದ ಓಟ. ಇದರ ಲೆಕ್ಕವನ್ನು ನಮ್ಮ ರೊಟ್ಟಿಯಲ್ಲೇ ಹಾಕಿ ನೋಡೋಣ. ಚಟುವಟಿಕೆಯಿಂದಿರುವ 25 ಕಿಲೊ ತೂಕದ ನಾಯಿಗೆ, ವಿಶೇಷ ದುಡಿಮೆ ಇಲ್ಲದ ದಿನವೂ, ಸುಮಾರು 1,450 ಕಿಲೊಕ್ಯಾಲರಿ ಬೇಕು. ಎಪ್ಪತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 240 ಕಿಲೊಕ್ಯಾಲರಿ ಇರುತ್ತದೆ. ಅಂದರೆ ಸುಮ್ಮನಿರುವ ದಿನಕ್ಕೇ ಆರು ರೊಟ್ಟಿ! ಹಿಂಡು ಸಾಗುವ ದಿನಗಳಲ್ಲಿ ಅದರ ಒಂದೂವರೆ ಪಾಲು, ಅಂದರೆ ಒಂಬತ್ತು. ನಾವು ಹಾಕುತ್ತಿದ್ದುದು ಎರಡು ಮೂರು. ಈ ಗುಣಾಕಾರವನ್ನು ನೋಟುಪುಸ್ತಕದ ಹಿಂಬದಿಯಲ್ಲಿ ಮಾಡಿ ಮುಗಿಸಿದಾಗ ನನಗೆ ಕೆಂಚಿಯ ಪಕ್ಕೆಲುಬುಗಳು ಕಣ್ಣ ಮುಂದೆ ಬಂದವು. ಮರಿಗಳಿಗೆ ಹಾಲೂಡುವ ತಾಯಿಗೆ ಬೇಕಾದದ್ದು ಮಾಮೂಲಿನ ಎರಡರಿಂದ ನಾಲ್ಕು ಪಾಲು ಎಂದು ಅದೇ ಪುಸ್ತಕದಲ್ಲಿತ್ತು. ಅದು ಸತ್ತದ್ದು ಯಾವ ರೋಗದಿಂದಲೋ ಹೇಳಲಾರೆ. ಆದರೆ ಹಸಿವು ಅದರ ಜೊತೆಗಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ.

ಒಂಬತ್ತು ರೊಟ್ಟಿ ಎಲ್ಲಿಂದ ತರುವುದೆಂದು ನಮ್ಮವರು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಇಲ್ಲಿ ಕೊಬ್ಬು ಸಹಾಯಕ್ಕೆ ಬರುತ್ತದೆ. ಒಂದು ಗ್ರಾಂ ಪಿಷ್ಟದಿಂದ ದೊರೆಯುವ ಶಕ್ತಿ ಸುಮಾರು ನಾಲ್ಕು ಕಿಲೊಕ್ಯಾಲರಿ. ಒಂದು ಗ್ರಾಂ ಕೊಬ್ಬಿನಿಂದ ಒಂಬತ್ತು. ಒಂದು ದೊಡ್ಡ ಚಮಚ ಎಣ್ಣೆ ಅರ್ಧ ರೊಟ್ಟಿಗೆ ಸಮ. ಕುರಿ ಕೊಯ್ದಾಗ ಎಸೆಯುವ ಕೊಬ್ಬನ್ನು ಕರಗಿಸಿ ಇಟ್ಟುಕೊಂಡರೆ ದುಡ್ಡೂ ಬೇಕಿಲ್ಲ. ಆದರೆ ರೂಢಿಯಿಲ್ಲದ ನಾಯಿಗೆ ಒಮ್ಮೆಗೇ ಹೆಚ್ಚು ಕೊಬ್ಬು ಹಾಕಿದರೆ ಭೇದಿಯಾಗುತ್ತದೆ. ವಾರ ಎರಡು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು: ಹೊಟ್ಟೆ ತುಂಬಿದರೆ ಸಾಕೆ? ಸಾಲದು. ಇದಕ್ಕೆ ಸಾಕ್ಷಿ ದೂರದಲ್ಲಿಲ್ಲ. ನಮ್ಮ ಪಕ್ಕದ ಹೈದರಾಬಾದಿನಲ್ಲೇ ಇದೆ. ದಖ್ಖನ್ನಿನ ಜೋಳ ಉಣ್ಣುವ ಬಡವರಲ್ಲಿ ಪೆಲಾಗ್ರ ಎಂಬ ಚರ್ಮದ ಕಾಯಿಲೆ ಕಾಣಿಸಿಕೊಳ್ಳುತ್ತಿತ್ತು. ಪ್ರಸಿದ್ಧ ಆಹಾರವಿಜ್ಞಾನಿ ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ಅದರ ಮೂಲವನ್ನು ಹುಡುಕುತ್ತ, ನಾಯಿಗಳಿಗೆ ಜೋಳವೇ ಪ್ರಧಾನವಾದ ಆಹಾರವನ್ನು ಕೊಟ್ಟು ನೋಡಿದರು. ನಾಯಿಗಳಿಗೆ ‘ಕಪ್ಪು ನಾಲಗೆ’ ಎಂಬ ರೋಗ ಬಂದಿತು. ಈ ಫಲಿತಾಂಶ 1965ರಲ್ಲಿ ಪ್ರಕಟವಾಯಿತು. ಈ ರೋಗದಲ್ಲಿ ಬಾಯಿ ಹುಣ್ಣಾಗಿ, ನಾಲಗೆ ಕಪ್ಪಿಟ್ಟು, ಜೊಲ್ಲು ಸುರಿದು, ನಾಯಿ ಅನ್ನ ಬಿಡುತ್ತದೆ. ನಿಕೋಟಿನಿಕ್ ಆಮ್ಲವೆಂಬ ಜೀವಸತ್ವದಿಂದ ಇದು ಗುಣವಾಗುವುದೆಂದು ಅಮೆರಿಕದ ಕಾನ್ರಾಡ್ ಎಲ್ವೆಹೆಮ್ 1937ರಲ್ಲೇ ತೋರಿಸಿದ್ದರು. ಅದೇ ಮದ್ದು ಮನುಷ್ಯರ ಪೆಲಾಗ್ರಕ್ಕೂ ಮದ್ದಾಯಿತು. ಜೋಳದಲ್ಲಿ ಈ ತೊಂದರೆಗೆ ಕಾರಣವೇನೆಂಬ ವಿಷಯದಲ್ಲಿ ವಿಜ್ಞಾನಿಗಳು ಬಹುಕಾಲ ಚರ್ಚಿಸಿದ್ದಾರೆ. ನಮಗೆ ಬೇಕಾದ ಪಾಠ ಮಾತ್ರ ಸರಳ: ಜೋಳ ಒಳ್ಳೆಯದೇ, ಬರಿಯ ಜೋಳ ಒಳ್ಳೆಯದಲ್ಲ. ಜೊತೆಗೆ ಒಂದು ಹಿಡಿ ಶೇಂಗಾ, ಬೇಳೆ, ಸ್ವಲ್ಪ ಮಾಂಸ ಅಥವಾ ಮೊಟ್ಟೆ ಸೇರಿದರೆ ಕೊರತೆ ತುಂಬುತ್ತದೆ. ಶೇಂಗಾದಲ್ಲಿ ನಿಕೋಟಿನಿಕ್ ಆಮ್ಲ ಸಮೃದ್ಧವಾಗಿದೆ. ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಅದನ್ನು ಬೇಳೆಯೂ ಮಜ್ಜಿಗೆಯೂ ಒದಗಿಸುತ್ತವೆ.

ಇನ್ನು ಸೊಟ್ಟಗಾಲಿನ ಮರಿಗಳ ವಿಷಯ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳ ಬಡ ಮಕ್ಕಳಲ್ಲಿ ರಿಕೆಟ್ಸ್, ಎಂದರೆ ಮೂಳೆ ಮೆತ್ತಗಾಗಿ ಕಾಲು ಬಾಗುವ ರೋಗ, ವಿಪರೀತವಾಗಿತ್ತು. ಎಡ್ವರ್ಡ್ ಮೆಲನ್‌ಬಿ ಎಂಬ ವೈದ್ಯನು ನಾಯಿಮರಿಗಳನ್ನು ಮನೆಯೊಳಗೇ ಇಟ್ಟು ಓಟ್ಸ್ ಗಂಜಿಯಂಥ ಧಾನ್ಯದ ಆಹಾರವನ್ನೇ ಮುಖ್ಯವಾಗಿ ಕೊಟ್ಟನು. ಮರಿಗಳಿಗೆ ರಿಕೆಟ್ಸ್ ಬಂದಿತು. ಕಾಡ್ ಮೀನಿನ ಯಕೃತ್ತಿನ ಎಣ್ಣೆಯನ್ನು ಸೇರಿಸಿ ಕೊಟ್ಟ ಮರಿಗಳಿಗೆ ಬರಲಿಲ್ಲ. 1919ರಲ್ಲಿ ಪ್ರಕಟವಾದ ಈ ಪ್ರಯೋಗದಿಂದಲೇ ಮುಂದೆ ಡಿ ಜೀವಸತ್ವದ ಶೋಧಕ್ಕೆ ದಾರಿಯಾಯಿತು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮನೆಯೊಳಗೆ ಇಟ್ಟ ಮರಿ, ಧಾನ್ಯದ ಗಂಜಿ, ಬಾಗಿದ ಕಾಲು! ನಮ್ಮ ಗುಡಿಸಲಿನಲ್ಲಿ ನಡೆದದ್ದು ಅದೇ ಅಲ್ಲವೆ? ಮನುಷ್ಯನ ಚರ್ಮ ಬಿಸಿಲಿನಲ್ಲಿ ಡಿ ಜೀವಸತ್ವವನ್ನು ತಯಾರಿಸಿಕೊಳ್ಳುವಂತೆ ನಾಯಿಯ ಚರ್ಮ ಸಾಕಷ್ಟು ತಯಾರಿಸಲಾರದೆಂದೂ ಈಗ ತಿಳಿದುಬಂದಿದೆ. ಆದುದರಿಂದ ಅದು ಆಹಾರದಿಂದಲೇ ಬರಬೇಕು. ಮೊಟ್ಟೆಯ ಹಳದಿ, ಮೀನು, ಸ್ವಲ್ಪ ಯಕೃತ್ತು ಇವುಗಳಲ್ಲಿ ಅದು ದೊರೆಯುತ್ತದೆ. ಇದರ ಜೊತೆಗೆ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ಜೋಳದಲ್ಲಿ ಅದು ಮೂವತ್ತು ಮಿಲಿಗ್ರಾಂ ಕೂಡ ಇಲ್ಲ. ರಾಗಿಯಲ್ಲಿ ಮುನ್ನೂರಕ್ಕೂ ಮೇಲೆ. ಬೆಳೆಯುವ ಮರಿಗೆ ಹಾಲಿನಲ್ಲಿ ಕಲಸಿದ ರಾಗಿ ಅಂಬಲಿ, ಒಂದು ಮೊಟ್ಟೆ ಇಷ್ಟಾದರೂ ಬೇಕೇ ಬೇಕು.

ಹಾಗಾದರೆ ಮಾಂಸವನ್ನೇ ಹಾಕಿಬಿಟ್ಟರೆ? ಅದೂ ಸರಿಯಲ್ಲ. ಎಲುಬಿಲ್ಲದ ಬರಿಯ ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಮಾಂಸವನ್ನಷ್ಟೇ ತಿಂದು ಬೆಳೆದ ಮರಿಯ ಮೂಳೆಯೂ ಸೊರಗುತ್ತದೆ. ಯಕೃತ್ತು ಒಳ್ಳೆಯದೆಂದು ನಿತ್ಯವೂ ಧಾರಾಳವಾಗಿ ಹಾಕಿದರೆ ಎ ಜೀವಸತ್ವ ಮಿತಿಮೀರಿ ವಿಷವಾಗುತ್ತದೆ. ಬರಿಯ ಧಾನ್ಯವೂ ಬರಿಯ ಮಾಂಸವೂ ಒಂದೇ ಗುಂಡಿಯ ಎರಡು ದಂಡೆಗಳು.

ಮಾಂಸದ ಮಾತು ಬಂದುದರಿಂದ, ಕುರಿ ಸಾಕುವವರೆಲ್ಲರೂ ತಿಳಿಯಲೇಬೇಕಾದ ಒಂದು ಅಪಾಯವನ್ನು ಇಲ್ಲಿ ಹೇಳಬೇಕು. ಕುರಿ ಕೊಯ್ದಾಗ ಯಕೃತ್ತು, ಪುಪ್ಪುಸಗಳಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳು ಕಾಣುತ್ತವೆ. ಅವು ಮನುಷ್ಯರಿಗಾಗದೆಂದು ನಾವು ನಾಯಿಯ ಮುಂದೆ ಎಸೆಯುತ್ತೇವೆ. ಆ ಗುಳ್ಳೆಯೊಳಗಿರುವುದು ಒಂದು ಲಾಡಿಹುಳುವಿನ ಮರಿ. ನಾಯಿಯ ಕರುಳಿನಲ್ಲಿ ಅದು ಬೆಳೆದು ಮೊಟ್ಟೆಯಿಡುತ್ತದೆ. ಮೊಟ್ಟೆ ಮಲದ ಮೂಲಕ ಹುಲ್ಲಿಗೂ ನೀರಿಗೂ ಸೇರಿ ಮತ್ತೆ ಕುರಿಗೆ, ನಾಯಿಯ ಮೈ ಸವರಿದ ಕೈಯಿಂದ ನಮ್ಮ ಮಕ್ಕಳಿಗೆ ಹೋಗುತ್ತದೆ. ಮನುಷ್ಯನ ಯಕೃತ್ತಿನಲ್ಲೂ ಪುಪ್ಪುಸದಲ್ಲೂ ಅಂಥದೇ ಗುಳ್ಳೆ ಎದ್ದು, ಶಸ್ತ್ರಚಿಕಿತ್ಸೆಯವರೆಗೂ ಹೋಗುವುದುಂಟು. ಕುರಿಗಳ ನಾಡಾದ ಐಸ್‌ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಈ ರೋಗ ಮನೆಮನೆಯಲ್ಲಿತ್ತು. 1863ರಲ್ಲಿ ಅಲ್ಲಿಗೆ ಹೋದ ಹರಾಲ್ಡ್ ಕ್ರಾಬೆ ಎಂಬ ಡೇನಿಷ್ ವಿದ್ವಾಂಸನು ರೋಗದ ದಾರಿಯನ್ನು ಅರಿತು, ಜನರಿಗೆ ತಿಳಿಯುವಂತೆ ಒಂದು ಕಿರುಹೊತ್ತಗೆ ಬರೆದನು. ಅದನ್ನು ಮನೆಮನೆಗೆ ಹಂಚಿದರು. ಜನ ಓದಿದರು, ಗುಳ್ಳೆಯಿರುವ ಅಂಗಗಳನ್ನು ನಾಯಿಗೆ ಹಾಕುವುದನ್ನು ಬಿಟ್ಟರು. ಕಾಲಕ್ರಮದಲ್ಲಿ ರೋಗ ಆ ನಾಡನ್ನೇ ಬಿಟ್ಟುಹೋಯಿತು. ನ್ಯೂಜಿಲೆಂಡ್ 1959ರಲ್ಲಿ ಕಾನೂನು ಮಾಡಿ ಬಹುಕಾಲ ಶ್ರಮಿಸಿ, 2002ರಲ್ಲಿ ತಾನು ಈ ರೋಗದಿಂದ ಪಾರಾದೆನೆಂದು ಸಾರಿತು. ನಾವು ಮಾಡಬೇಕಾದದ್ದು ಇಷ್ಟೆ: ಗುಳ್ಳೆಯಿರುವುದನ್ನು ಸುಡಬೇಕು ಅಥವಾ ಆಳವಾಗಿ ಹೂಳಬೇಕು, ಒಳ್ಳೆಯದನ್ನೂ ಮುಕ್ಕಾಲು ಗಂಟೆ ಕುದಿಸದೆ ನಾಯಿಗೆ ಹಾಕಕೂಡದು. ಪಶುವೈದ್ಯರಿಂದ ಹುಳುವಿನ ಮಾತ್ರೆಯನ್ನು ಕಾಲಕಾಲಕ್ಕೆ ಕೊಡಿಸಬೇಕು.

ಕೆಟ್ಟ ಪದಾರ್ಥ ನಾಯಿಗೆ ನಡೆಯುತ್ತದೆಂಬುದೂ ಒಂದು ಭ್ರಮೆ. ಕ್ಯಾಪ್ಟನ್ ಸ್ಕಾಟ್ 1902ರಲ್ಲಿ ದಕ್ಷಿಣ ಧ್ರುವದ ಕಡೆಗೆ ಹತ್ತೊಂಬತ್ತು ನಾಯಿಗಳೊಡನೆ ಹೊರಟನು. ಅವುಗಳಿಗೆಂದು ತಂದಿದ್ದ ಒಣಮೀನು ಹಡಗು ಉಷ್ಣವಲಯವನ್ನು ದಾಟುವಾಗಲೇ ಕೆಟ್ಟಿತ್ತೆಂದು ಆಮೇಲೆ ತಿಳಿದರು. ನಾಯಿಗಳು ದಿನೇ ದಿನೇ ಸೊರಗಿದವು. ಹತ್ತೊಂಬತ್ತರಲ್ಲಿ ಒಂದೂ ಮರಳಿ ಬರಲಿಲ್ಲ. ಸ್ಕಾಟ್ ಮತ್ತು ಅವನ ಇಬ್ಬರು ಸಂಗಡಿಗರು ತಾವೇ ಬಂಡಿ ಎಳೆದುಕೊಂಡು ಬರಬೇಕಾಯಿತು. ನಮ್ಮಲ್ಲಿ ಇದಕ್ಕೆ ಸಮನಾದದ್ದು ಬೂಷ್ಟು ಹಿಡಿದ ಶೇಂಗಾ ಮತ್ತು ಹಿಂಡಿ. ಅದರಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ನಾಯಿಯ ಯಕೃತ್ತನ್ನು ಕೆಡಿಸಿ ಕೊಲ್ಲಬಲ್ಲದು. ಉಳ್ಳಾಗಡ್ಡಿ ಹೆಚ್ಚಾಗಿ ಬಿದ್ದ ಸಾರು ನಾಯಿಯ ರಕ್ತಕ್ಕೆ ಕೇಡು. ಬೇಯಿಸಿದ ಎಲುಬು ಚೂರಾಗಿ ಕರುಳಿಗೆ ಚುಚ್ಚುತ್ತದೆ. ಹಾಲು ಹೆಚ್ಚಾದರೆ ಬೆಳೆದ ನಾಯಿಗೆ ಭೇದಿ. ಮಜ್ಜಿಗೆ ಅದಕ್ಕಿಂತ ಹಿತ.

ಊಟದ ಹೊತ್ತಿಗೂ ಒಂದು ಕ್ರಮವಿದೆ. ಹೊಟ್ಟೆ ತುಂಬ ಉಂಡ ನಾಯಿಯನ್ನು ಕೂಡಲೇ ಓಡಿಸಬಾರದು. ಮುಧೋಳ ನಾಯಿಯಂಥ ಆಳವಾದ ಎದೆಗೂಡಿನ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಂಡು ಕೆಲವೇ ಗಂಟೆಗಳಲ್ಲಿ ಸಾವು ಬರುವುದುಂಟು. ಬೆಳಗ್ಗೆ ಹೊರಡುವುದಕ್ಕೆ ಮೊದಲು ಸ್ವಲ್ಪ, ಸಂಜೆ ಕುರಿಗಳನ್ನು ಬಲೆಯೊಳಗೆ ಹಾಕಿ, ನಾಯಿ ಅರ್ಧ ಗಂಟೆ ದಣಿವಾರಿಸಿಕೊಂಡ ಮೇಲೆ ಉಳಿದ ಪಾಲು ಹಾಕುವುದು ಲೇಸು. ನೀರು ಮಾತ್ರ ಯಾವಾಗಲೂ ಇರಬೇಕು. ಪಡಿ ಸಾಲುತ್ತಿದೆಯೇ ಎಂದು ತಿಳಿಯಲು ತಕ್ಕಡಿ ಬೇಡ, ಕೈ ಸಾಕು: ಪಕ್ಕೆಯನ್ನು ಸವರಿದಾಗ ಎಲುಬು ಬೆರಳಿಗೆ ಸಿಗಬೇಕು, ಬೆನ್ನಿನ ಮತ್ತು ಸೊಂಟದ ಎಲುಬುಗಳು ಕಣ್ಣಿಗೆ ಚುಚ್ಚುವಂತೆ ಕಾಣಬಾರದು.

ಅಂಗಡಿಯಲ್ಲಿ ದೊರೆಯುವ ಪೊಟ್ಟಣದ ಆಹಾರದ ಬಗ್ಗೆ ಒಂದು ಮಾತು. ಅವುಗಳಲ್ಲಿ ಒಳ್ಳೆಯವು ಲೆಕ್ಕ ಹಾಕಿ ಮಾಡಿದಂಥವು. ಕೊಳ್ಳುವ ಶಕ್ತಿಯುಳ್ಳವರು ಮರಿಯ ಪೊಟ್ಟಣ ಯಾವುದು, ದೊಡ್ಡ ನಾಯಿಯದು ಯಾವುದೆಂದು ನೋಡಿ ಕೊಳ್ಳಲಿ. ಆದರೆ ಹಟ್ಟಿಯ ಮಟ್ಟಿಗೆ ಅದು ದೂರದ ಮಾತು. ರೊಟ್ಟಿ, ಬೇಳೆಯ ಕಟ್ಟು, ಮಜ್ಜಿಗೆ, ಒಂದು ಹಿಡಿ ಒಳ್ಳೆಯ ಶೇಂಗಾ, ಒಂದು ಚಮಚ ಕೊಬ್ಬು, ವಾರಕ್ಕೆರಡು ಮೊಟ್ಟೆ, ಸಿಕ್ಕಾಗ ಕುದಿಸಿದ ಮಾಂಸ: ಇವೆಲ್ಲ ನಮ್ಮ ಬಳಿಯೇ ಇರುವ ಪದಾರ್ಥಗಳು. ಕೊರತೆಯಾದದ್ದು ಪದಾರ್ಥವಲ್ಲ, ಅದೂ ಒಂದು ಊಟವೆಂಬ ಎಣಿಕೆ.

ಮುಧೋಳ ನಾಯಿಗೆ ಈಗ ಗೌರವದ ಕಾಲ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂದಿತು. 2016ರಲ್ಲಿ ಅದರ ಮರಿಗಳು ತರಬೇತಿಗೆಂದು ಮೀರತ್ತಿನ ಸೇನಾ ಕೇಂದ್ರಕ್ಕೆ ಹೋದವು. ಸೇನೆಯ ನಾಯಿಗೆ ಗೊತ್ತುಪಡಿಸಿದ ಪಡಿ ಉಂಟು. ಹಟ್ಟಿಯಲ್ಲಿ ದುಡಿಯುವ ಅದರ ಬಂಧುವಿಗೂ ಒಂದು ಪಡಿ ಗೊತ್ತಾಗಬೇಡವೆ?

ಹೋದ ರಜೆಯಲ್ಲಿ ಈ ಲೆಕ್ಕವನ್ನೆಲ್ಲ ಅಜ್ಜನ ಮುಂದಿಟ್ಟೆ. ಅವರು ತಂಬಾಕು ತಿಕ್ಕುತ್ತ ಕೇಳಿದರು. “ಹೊಟ್ಟಿ ತುಂಬಿದ್ರ ಮಲಗತೈತೋ ಇಲ್ಲೋ?” ಎಂದು ಮತ್ತೆ ಅದನ್ನೇ ಕೇಳಿದರು. “ಹಸದ ನಾಯಿ ಎಚ್ಚರ ಇರತೈತಿ ಖರೇ, ಯಜ್ಜಾ, ಆದರ ಅದರ ಧ್ಯಾಸ ಕುರಿ ಮ್ಯಾಲ ಇರಂಗಿಲ್ಲ, ಊರಾಗಿನ ತಿಪ್ಪಿ ಮ್ಯಾಲ ಇರತೈತಿ” ಎಂದೆ. ಅವರು ಉತ್ತರ ಕೊಡಲಿಲ್ಲ. ಆದರೆ ಆ ರಾತ್ರಿ ನಾವು ಉಣ್ಣಲು ಕೂಡುವುದಕ್ಕೆ ಮೊದಲೇ ಎದ್ದು, ಐದು ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ನೆನೆಹಾಕಿ, ನಾಯಿಯ ಮುಂದಿಟ್ಟು ಬಂದರು. ಆತಕೂರಿನ ಶಾಸನವನ್ನು ಅವರು ಓದಿದವರಲ್ಲ. ಆದರೂ ಪೂಜೆಗೆ ಮೊದಲು ಗೊರವನು ಉಣ್ಣಬಾರದೆಂಬ ಆ ಕಟ್ಟಳೆ ನನಗೆ ಆಗ ನೆನಪಾಯಿತು.